‘ಎಕ್ಸ್’ ದ್ರವ್ಯದ ಅನ್ವೇಷಣೆ

1929ನೆಯ ಇಸವಿ ಏಪ್ರಿಲ್ 1ನೆಯ ತಾರೀಖು, ಅಮೆರಿಕಾ ದೇಶದ ಮಿನ್ನೆಸೋಟ ಸಂಸ್ಥಾನದಲ್ಲಿರುವ ಮೇಯೋ ಚಿಕಿತ್ಸಾಲಯಕ್ಕೆ 65 ವರ್ಷ ವಯಸ್ಸಿನ ರೋಗಿಯೊಬ್ಬನು ಬಂದನು. ಆತನೂ ವೈದ್ಯನೇ. ಕೀಲುಗಳು ಬಾತು ಬಿಗಿದುಕೊಳ್ಳುವ ಸಂಧಿವಾತದಿಂದ ನರಳುತ್ತಿದ್ದ ಆತನು ಒಂದು ವಿಚಿತ್ರವಾದ ಸಂಗತಿಯನ್ನು ತಿಳಿಸಿದನು. ನಡುವೆ ತನಗೆ ಕಾಮಾಲೆ ತಗುಲಿತೆಂದೂ, ಅದು ಕಾಣಿಸಿಕೊಂಡ ಮರುದಿನದಿಂದಲೇ ಕೀಲುನೋವು ಇಳಿಯತೊಡಗಿತೆಂದೂ, ಕಾಮಾಲೆಯು ನಾಲ್ಕು ವಾರಗಳಲ್ಲಿ ವಾಸಿಯಾದರೂ ಸಂಧಿವಾತವು ಏಳು ತಿಂಗಳವರೆಗೆ ಮರಳಲಿಲ್ಲವೆಂದೂ ಹೇಳಿದನು. ಇಂತಹ ಮಾತನ್ನು ಕೇಳಿ ಮರೆಯುವ ವೈದ್ಯರೇ ಹೆಚ್ಚು. ಕೇಳಿದವರು ಡಾಕ್ಟರ್ ಫಿಲಿಪ್ ಹೆಂಚ್‌ರವರಾದುದು ಸುದೈವವೇ ಸರಿ.

ಹೆಂಚ್‌ರವರು 1896ರಲ್ಲಿ ಪಿಟ್ಸ್‌ಬರ್ಗ್ ನಗರದಲ್ಲಿ ಜನಿಸಿದವರು. ಹುಟ್ಟಿನಿಂದಲೇ ಅಂಗುಳು ಸೀಳಿದ್ದುದರಿಂದ ಅವರ ಉಚ್ಚಾರಣೆಯು ತೊಡಕಾಗಿದ್ದಿತು; ಆದರೂ ಸಭೆಯನ್ನು ಸೆರೆಹಿಡಿಯಬಲ್ಲ ಉಪನ್ಯಾಸಕರೆಂದು ಅವರು ಹೆಸರಾದರು. 1926ರಲ್ಲಿ ಮೇಯೋ ಚಿಕಿತ್ಸಾಲಯದ ಸಂಧಿವಾತ ವಿಭಾಗಕ್ಕೆ ಮುಖ್ಯಸ್ಥರಾದರು. ಆ ಕಾಲದಲ್ಲಿ ಈ ರೋಗಕ್ಕೆ ದೇಹದಲ್ಲೆಲ್ಲೋ ಅಡಗಿರುವ ಕೀವೇ ಮೂಲವೆಂಬ ನಂಬಿಕೆಯಿಂದ ಅನೇಕರ ಹಲ್ಲುಗಳನ್ನೂ ಗಂಟಲಿನ ಗ್ರಂಥಿಗಳನ್ನೂ ಕಿತ್ತುಹಾಕುತ್ತಿದ್ದರು. ರೋಗವು ಒಮ್ಮೆ ಹಿಡಿದರೆ ಹಿಂದೆಗೆಯದೆಂಬುದೇ ಸಾಮಾನ್ಯ ಅಭಿಪ್ರಾಯ. ಹೆಂಚ್‌ರವರಿಗೆ ಈ ಅಭಿಪ್ರಾಯದಲ್ಲಿಯೇ ಸಂಶಯ ಹುಟ್ಟಿತು. ಮುಂದೆ ಕಾಮಾಲೆಯುಂಟಾದ ಇತರ ರೋಗಿಗಳಲ್ಲಿಯೂ, ಗರ್ಭಿಣಿಯರಲ್ಲಿಯೂ ಇದೇ ಬಗೆಯ ಉಪಶಮನವನ್ನು ಅವರು ಕಂಡರು. ಗರ್ಭವು ಸ್ತ್ರೀಯರಿಗೆ ಮಾತ್ರ ಸಂಬಂಧಿಸಿದುದು. ಕಾಮಾಲೆಯಾದರೋ ಗಂಡಸರಿಗೂ ಬರುತ್ತದೆ. ಆದುದರಿಂದ ಸ್ತ್ರೀಪುರುಷರಿಬ್ಬರ ದೇಹದಲ್ಲಿಯೂ ಇರುವ ಯಾವುದೋ ಒಂದು ದ್ರವ್ಯವೇ ಇದಕ್ಕೆ ಕಾರಣವಾಗಿರಬೇಕೆಂದು ಊಹಿಸಿ, ಅದಕ್ಕೆ ‘ಎಕ್ಸ್’ ಎಂದು ಹೆಸರಿಟ್ಟರು. (ಪತ್ತೇದಾರ ಷೆರ್ಲಾಕ್ ಹೋಮ್ಸನ ಕಥೆಗಳ ಪ್ರತಿಗಳನ್ನು ಕೂಡಿಡುವ ಗೀಳು ಅವರಿಗಿದ್ದಿತೆಂಬುದು ಇಲ್ಲಿ ನೆನಪಾಗದೆ ಇರದು.) ಪಿತ್ತರಸವನ್ನೂ ಪಿತ್ತಲವಣಗಳನ್ನೂ ಕೊಟ್ಟು ನೋಡಿದರು, ಕಾಮಾಲೆಯವರ ರಕ್ತವನ್ನೂ ಕೊಟ್ಟು ನೋಡಿದರು. ಫಲವಾಗಲಿಲ್ಲ.

ಅದೇ ಚಿಕಿತ್ಸಾಲಯದಲ್ಲಿ ಎಡ್ವರ್ಡ್ ಕೆಂಡಲ್ ಎಂಬ ರಸಾಯನ ಶಾಸ್ತ್ರಜ್ಞರು ಮೂತ್ರಪಿಂಡಗಳ ಮೇಲೆ ಟೋಪಿಯಂತೆ ಕುಳಿತಿರುವ ಅಡ್ರೀನಲ್ ಗ್ರಂಥಿಗಳ ಹೊರಪದರದಿಂದ ನಾನಾ ದ್ರವ್ಯಗಳನ್ನು ಬೇರ್ಪಡಿಸುತ್ತಿದ್ದರು. ಸ್ವಿಟ್ಜರ್ಲೆಂಡಿನಲ್ಲಿ ರೈಕ್‌ಸ್ಟೈನ್ ಎಂಬವರೂ ಸ್ವತಂತ್ರವಾಗಿ ಅದೇ ಕಾರ್ಯದಲ್ಲಿ ತೊಡಗಿದ್ದರು. ದನಗಳ ಗ್ರಂಥಿಗಳನ್ನು ರಾಶಿಗಟ್ಟಲೆ ಅರೆದರೂ ದೊರೆಯುತ್ತಿದ್ದುದು ಚಿಟಿಕೆಯಷ್ಟು ಮಾತ್ರ. 1941ರ ಜನವರಿಯಲ್ಲಿ ಹೆಂಚ್ ಮತ್ತು ಕೆಂಡಲ್ ಇಬ್ಬರೂ ಕೂಡಿ ಆಲೋಚಿಸಿ, ಈ ದ್ರವ್ಯಗಳಲ್ಲಿ ‘ಇ’ ಎಂಬುದನ್ನು ಸಂಧಿವಾತಕ್ಕೆ ಪ್ರಯೋಗಿಸಿ ನೋಡಬೇಕೆಂದು ನಿಶ್ಚಯಿಸಿದರು. ಆದರೆ ಪ್ರಯೋಗಕ್ಕೆ ಬೇಕಾಗುವಷ್ಟು ದ್ರವ್ಯವೇ ಇರಲಿಲ್ಲ. ಯುದ್ಧವು ಬೇರೆ ಅಡ್ಡ ಬಂದಿತು. 1944ರ ಕೊನೆಗೆ ಮರ್ಕ್ ಕಾರ್ಖಾನೆಯ ಲೂಯಿಸ್ ಸ್ಯಾರೆಟ್ ಎಂಬ ತರುಣ ರಸಾಯನಜ್ಞನು ಮೂವತ್ತಕ್ಕೂ ಮಿಕ್ಕ ಹಂತಗಳಲ್ಲಿ ಅದನ್ನು ಕೃತಕವಾಗಿ ಸಿದ್ಧಪಡಿಸಿದನು. ಅದಕ್ಕೆ ಮೂಲವಸ್ತು ಯಾವುದು? ಎತ್ತಿನ ಪಿತ್ತದಿಂದ ತೆಗೆದ ಒಂದು ಆಮ್ಲ! ಹೆಂಚ್‌ರವರು ವ್ಯರ್ಥವಾಗಿ ಶೋಧಿಸಿದ್ದ ಪಿತ್ತವೇ ಬೇರೊಂದು ದಾರಿಯಿಂದ ಅವರ ನೆರವಿಗೆ ಬಂದಿತು.

1948ರ ಸೆಪ್ಟೆಂಬರ್ 21ರಂದು, ನಾಲ್ಕು ವರ್ಷಗಳಿಗೂ ಮೀರಿ ಸಂಧಿವಾತದಿಂದ ಬಳಲಿ ಗಾಲಿಕುರ್ಚಿಗೆ ಶರಣಾಗಿದ್ದ 29 ವರ್ಷದ ಸ್ತ್ರೀಯೊಬ್ಬಳಿಗೆ ಆ ದ್ರವ್ಯವನ್ನು ಸೂಜಿಮದ್ದಾಗಿ ಕೊಟ್ಟರು. ಪ್ರಮಾಣವು ದಿನಕ್ಕೆ 100 ಮಿಲಿಗ್ರಾಂ. ಇದಕ್ಕಿಂತ ಬಹಳ ಕಡಿಮೆಯಾಗಿದ್ದರೆ ಏನೂ ಕಾಣದೆ ಪ್ರಯೋಗವೇ ನಿಂತುಹೋಗುತ್ತಿದ್ದಿತೋ ಏನೋ. ಕೆಲವೇ ದಿನಗಳಲ್ಲಿ ಆಕೆಯ ಬಿಗಿತವು ಸಡಿಲಿ, ಹಾಸಿಗೆಯಲ್ಲಿ ಸಲೀಸಾಗಿ ಹೊರಳಿದಳು. ವಾರ ಕಳೆಯುವುದರೊಳಗೆ ಪೇಟೆಗೆ ಹೋಗಿ ಮೂರು ಗಂಟೆಗಳ ಕಾಲ ಅಂಗಡಿಗಳಲ್ಲಿ ತಿರುಗಾಡಿ ಬಂದಳು. ಹೆಂಚ್‌ರವರು ಅವಸರಪಡದೆ, ಸ್ಲೋಕಂಬ್ ಮತ್ತು ಪಾಲಿ ಎಂಬ ಸಹೋದ್ಯೋಗಿಗಳೊಡನೆ ಇನ್ನೂ ಹಲವು ರೋಗಿಗಳನ್ನು ಪರೀಕ್ಷಿಸಿ, 1949ರ ಏಪ್ರಿಲ್‌ನಲ್ಲಿ ಮಾತ್ರವೇ ವಿಷಯವನ್ನು ಪ್ರಕಟಿಸಿದರು. ಮದ್ದಿಗೆ ಮುಂಚೆ ತೆವಳುತ್ತಿದ್ದವರು ಮದ್ದಿನ ಬಳಿಕ ಮೆಟ್ಟಿಲೇರುವುದನ್ನು ಚಲಚ್ಚಿತ್ರದಲ್ಲಿ ತೋರಿಸಿದಾಗ ನೆರೆದ ವೈದ್ಯರು ಬೆರಗಾದರು. ‘ಇ’ ಜೀವಸತ್ವವೆಂದು ಜನರು ಭ್ರಮಿಸದಿರಲೆಂದು ದ್ರವ್ಯಕ್ಕೆ ಕಾರ್ಟಿಸೋನ್ ಎಂಬ ಹೊಸ ಹೆಸರನ್ನಿಟ್ಟರು.

1950ರಲ್ಲಿ ಹೆಂಚ್, ಕೆಂಡಲ್, ರೈಕ್‌ಸ್ಟೈನ್ ಈ ಮೂವರಿಗೂ ನೊಬೆಲ್ ಪಾರಿತೋಷಕವು ದೊರೆಯಿತು. ಅಷ್ಟರಲ್ಲಿಯೇ ಮದ್ದಿನ ಮತ್ತೊಂದು ಮುಖವೂ ಕಾಣಿಸಿಕೊಂಡಿದ್ದಿತು. ಮುಖವು ಚಂದ್ರಬಿಂಬದಂತೆ ಊದುವುದು, ಮನಸ್ಸು ಕದಡುವುದು, ಎಲುಬು ಸವೆಯುವುದು. ಮದ್ದನ್ನು ನಿಲ್ಲಿಸಿದರೆ ನೋವು ಮೊದಲಿನಂತೆಯೇ, ಕೆಲವೊಮ್ಮೆ ಮೊದಲಿಗಿಂತ ಉಗ್ರವಾಗಿ, ಮರಳುವುದು. ಆ ಮೊದಲ ರೋಗಿಯೂ ಈ ಕಷ್ಟಗಳನ್ನು ಅನುಭವಿಸಿದಳು. ವೃತ್ತಪತ್ರಿಕೆಗಳು ‘ಪವಾಡ’ವೆಂದು ಕೂಗಿದುವು, ಹೆಂಚ್‌ರವರಾದರೋ ಆ ಮಾತನ್ನು ಆಡಲಿಲ್ಲ. ಸ್ಟಾಕ್‌ಹೋಮ್‌ನಲ್ಲಿ ಮಾಡಿದ ನೊಬೆಲ್ ಉಪನ್ಯಾಸಕ್ಕೆ ಅವರು ಇಟ್ಟ ಶೀರ್ಷಿಕೆಯಲ್ಲಿ ‘ಗುಣಪಡಿಸುವಿಕೆ’ ಎಂಬ ಶಬ್ದವಿಲ್ಲ. ರೋಗಸ್ಥಿತಿಯನ್ನು ‘ಹಿಂದಿರುಗಿಸಬಹುದಾದ ಗುಣ’ ಎಂಬ ಅರ್ಥದ ಶಬ್ದವಿದೆ. ಇಪ್ಪತ್ತೊಂದು ವರ್ಷಗಳ ಹಿಂದೆ ಆ ವೃದ್ಧ ವೈದ್ಯನ ಮಾತಿನಿಂದ ಅವರು ಗ್ರಹಿಸಿದುದು ಅದನ್ನೇ.

ಅವರು 1957ರಲ್ಲಿ ನಿವೃತ್ತರಾಗಿ, 1965ರ ಮಾರ್ಚ್ 30ರಂದು ಜಮೈಕಾ ದ್ವೀಪದಲ್ಲಿ ತೀರಿಕೊಂಡರು. ಸಂಧಿವಾತಕ್ಕೆ ಈಗ ಬೇರೆ ಮದ್ದುಗಳು ಮುಖ್ಯವಾಗಿವೆ. ಆದರೂ ಅವು ಫಲ ಕೊಡುವವರೆಗಿನ ವಾರಗಳಲ್ಲಿ ಕಾರ್ಟಿಸೋನಿನ ಕುಲಕ್ಕೆ ಸೇರಿದ ಮಾತ್ರೆಗಳನ್ನು ವೈದ್ಯರು ಅಲ್ಪ ಪ್ರಮಾಣದಲ್ಲಿ, ಅಲ್ಪ ಕಾಲಕ್ಕೆಂದು ಬರೆದುಕೊಡುತ್ತಾರೆ.