ಪಂಡಿತನ ಪೌರುಷವೂ ಜೋಳದ ರೊಟ್ಟಿಯೂ

ರಾಯಚೂರಿನ ಹೆಸರೆತ್ತಿದೊಡನೆ ಇತಿಹಾಸಪ್ರಿಯರ ಮನಸ್ಸು 1520ರ ಕಾಳಗದ ಕಡೆಗೆ ಹರಿಯುವುದು. ಕೃಷ್ಣದೇವರಾಯನು ಇಸ್ಮಾಯಿಲ್ ಆದಿಲಶಹನನ್ನು ಸೋಲಿಸಿ ಹಿಡಿದ ಕೋಟೆಯಿದು. ಗಂಡುತನವೆಂದರೆ ಕತ್ತಿಯೆಂಬ ಎಣಿಕೆ ಇಲ್ಲಿ ಬೆಳೆದುದು ಸಹಜವೇ. ಆದರೆ ಕತ್ತಿಯನ್ನು ಹಿಡಿಯದ ಪೌರುಷವೊಂದುಂಟು. ಅದು ವಿದ್ಯೆಯದು. ಅದರ ಸೋಲಿನ ಕಥೆಯನ್ನು ಈ ಸೀಮೆಯ ದಾಸಸಾಹಿತ್ಯದ ಚರಿತ್ರೆಯಲ್ಲಿ ಕಾಣಬೇಕು.

ಮಾನವಿ ತಾಲ್ಲೂಕಿನ ಬ್ಯಾಗವಟ್ಟಿಯಲ್ಲಿ 1728ರಲ್ಲಿ ಹುಟ್ಟಿದ ಶ್ರೀನಿವಾಸಾಚಾರ್ಯರು ಸಂಸ್ಕೃತದಲ್ಲಿ ಉದ್ದಾಮ ಪಂಡಿತರು. ಅದೇ ತಾಲ್ಲೂಕಿನ ಚೀಕಲಪರ್ವಿಯ ವಿಜಯದಾಸರು ಮಾನವಿಗೆ ಬಂದು ಊಟಕ್ಕೆ ಕರೆದಾಗ, ಕನ್ನಡದಲ್ಲಿ ಹಾಡುವವರ ಪಂಕ್ತಿಯಲ್ಲಿ ಕುಳಿತುಕೊಳ್ಳಲೊಲ್ಲದೆ, ಹೊಟ್ಟೆನೋವೆಂದು ನೆಪ ಹೇಳಿದರಂತೆ. ನೆಪವೇ ನಿಜವಾಯಿತು. ಔಷಧಗಳೆಲ್ಲ ಸೋತ ಮೇಲೆ ವಿಜಯದಾಸರಲ್ಲಿಗೇ ಹೋಗಬೇಕಾಯಿತು. ಅವರಾದರೋ ತಮ್ಮ ಶಿಷ್ಯರಾದ ಗೋಪಾಲದಾಸರ ಬಳಿಗೆ ಕಳುಹಿದರು. ದೇವದುರ್ಗ ತಾಲ್ಲೂಕಿನ ಮೊಸರಕಲ್ಲಿನಲ್ಲಿ ಹುಟ್ಟಿದ ಗೋಪಾಲದಾಸರು ತಮ್ಮ ಆಯುಸ್ಸಿನಲ್ಲಿ 40 ವರ್ಷಗಳನ್ನು ಜೋಳದ ರೊಟ್ಟಿಯ ಮೂಲಕ ಧಾರೆಯೆರೆದರೆಂದು ಸಂಪ್ರದಾಯದವರು ಹೇಳುವರು. ಗೋಪಾಲದಾಸರು 1762ರಲ್ಲಿ ತೀರಿಕೊಂಡರು. ಆಚಾರ್ಯರು ಜಗನ್ನಾಥದಾಸರಾಗಿ 1809ರವರೆಗೆ ಬಾಳಿದರು.

ಪವಾಡವನ್ನು ನಂಬುವುದೂ ಬಿಡುವುದೂ ಅವರವರ ಮನಸ್ಸು. ಕಥೆಯ ಮರ್ಮವಿರುವುದು ರೊಟ್ಟಿಯಲ್ಲಿ. ಸಭೆಯಲ್ಲಿ ಎದುರಾಳಿಯ ಬಾಯಿ ಮುಚ್ಚಿಸಿದ ಪಂಡಿತನು ಬಡವರ ಮನೆಯ ತುತ್ತಿಗೆ ಕೈಯೊಡ್ಡಿದನು. ಅನಂತರ ಅದೇ ಪಂಡಿತನು ಶಾಸ್ತ್ರದ ಸಾರವನ್ನೆಲ್ಲ ಕನ್ನಡದ ಭಾಮಿನೀ ಷಟ್ಪದಿಯಲ್ಲಿ ‘ಹರಿಕಥಾಮೃತಸಾರ’ವಾಗಿ ಹಾಡಿದನು. ವೇದಾಧ್ಯಯನದ ಬಾಗಿಲು ಮುಚ್ಚಿದ್ದ ಹೆಂಗಸರ ಕಿವಿಗೂ ನಾಲಗೆಗೂ ಅದು ದೊರೆಯಿತು. ಅಧಿಕಾರವು ಕೈಬದಲಾಗುವುದೆಂದರೆ ಇದೇ ಅಲ್ಲವೆ?

ಆದರೂ ಮನೆಯೊಳಗಿನ ಅಧಿಕಾರವು ಅಷ್ಟು ಸುಲಭವಾಗಿ ಕರಗಲಿಲ್ಲ. ಗೋಪಾಲದಾಸರ ಅನುಗ್ರಹ ಪಡೆದಳೆನ್ನುವ ಹೆಳವನಕಟ್ಟೆ ಗಿರಿಯಮ್ಮನು, ಪತಿಗೆ ಬೇರೊಂದು ಮದುವೆ ಮಾಡಿಸಿ, ಭಕ್ತಿಯ ದಾರಿ ಹಿಡಿದಳೆಂದು ಐತಿಹ್ಯ. ಪತಿಗೆ ಬದಲಿಗೆ ಒಬ್ಬಳನ್ನು ಒದಗಿಸದೆ ಆಕೆಗೆ ಬಿಡುಗಡೆಯಿರಲಿಲ್ಲವೆಂಬುದನ್ನು ಭಕ್ತರು ಗಮನಿಸಿದಂತೆ ಕಾಣದು! ಆಕೆ ಆರಿಸಿಕೊಂಡ ವಸ್ತುಗಳಲ್ಲಿ ಉದ್ದಾಲಿಕನ ಕಥೆಯೂ ಒಂದು. ಜೈಮಿನಿ ಭಾರತದಿಂದ ಪರಿಚಿತವಾದ ಆ ಕಥೆಯಲ್ಲಿ ಹೆಂಡತಿ ಚಂಡಿ ಗಂಡನ ಮಾತಿಗೆಲ್ಲ ವಿರುದ್ಧವಾಗಿಯೇ ನಡೆಯುವಳು. ಅವನು ತಲೆಕೆಳಗಾಗಿ ಅಪ್ಪಣೆ ಕೊಟ್ಟು ಕೆಲಸ ಸಾಧಿಸುವನು. ಶ್ರಾದ್ಧದ ಪಿಂಡದ ವಿಷಯದಲ್ಲಿ ಮರೆತು ನೇರವಾಗಿ ನುಡಿದುಬಿಟ್ಟನು. ಅವಳು ಎಂದಿನಂತೆಯೇ ನಡೆದಳು, ಅವನು ಶಪಿಸಿದನು, ಅವಳು ಕಲ್ಲಾದಳು. ಅಶ್ವಮೇಧದ ಕುದುರೆಯನ್ನು ಹಿಂಬಾಲಿಸಿ ಅರ್ಜುನನು ಬಂದು ಮುಟ್ಟುವವರೆಗೂ ಕಲ್ಲಾಗಿಯೇ ಇದ್ದಳು.