ಲಾಕ್‌ಡೌನ್ ಬೇಕೇ, ಬೇಡವೇ? ಕೊಲ್ಹಾಪುರ ಜಿಲ್ಲೆ ಕಂಡ ಎರಡು ವರ್ಷಗಳ ವಾದ

ಕೊರೊನಾ ಕಾಲದಲ್ಲಿ ಸರಕಾರ ಲಾಕ್‌ಡೌನ್ ಹೇರಬೇಕೇ ಬೇಡವೇ ಎಂಬ ಪ್ರಶ್ನೆ ದೇಶದಾದ್ಯಂತ ಚರ್ಚೆಯಾಯಿತು. ಕೊಲ್ಹಾಪುರ ಜಿಲ್ಲೆಯಲ್ಲಿ ಅದಕ್ಕೆ ಒಂದೇ ಉತ್ತರ ಸಿಗಲಿಲ್ಲ. ಕೊಲ್ಹಾಪುರ ಪೇಟೆಯದು ವ್ಯಾಪಾರದ ಬದುಕು, ಇಚಲಕರಂಜಿಯದು ಮಗ್ಗದ ಬದುಕು, ಗಡಹಿಂಗ್ಲಜದ್ದು ಹೊಲ, ಸಂತೆ ಹಾಗೂ ಗಡಿಯಾಚೆಯ ನಂಟಿನ ಬದುಕು. ಆದೇಶ ಒಂದೇ ಆದರೂ ಅದರ ಪೆಟ್ಟು ಮೂರು ಕಡೆ ಮೂರು ಬಗೆಯಲ್ಲಿ ಬಿತ್ತು. 2020 ಮತ್ತು 2021ರಲ್ಲಿ ಇಲ್ಲಿ ನಡೆದ ಈ ವಾದದ ವಿವರ ಇಲ್ಲಿದೆ.

ಕಾನೂನು ಏನು ಹೇಳುತ್ತದೆ?

ಲಾಕ್‌ಡೌನ್ ಎಂಬ ಶಬ್ದ ಇದಕ್ಕೆ ಬಳಸಿದ ಯಾವ ಕಾಯ್ದೆಯಲ್ಲೂ ಇಲ್ಲ. ಸರಕಾರಗಳು ಎರಡು ಕಾಯ್ದೆಗಳನ್ನು ಆಧಾರ ಮಾಡಿಕೊಂಡವು. ಒಂದು, 1897ರ ಸಾಂಕ್ರಾಮಿಕ ರೋಗಗಳ ಕಾಯ್ದೆ. ಇನ್ನೊಂದು, 2005ರ ವಿಪತ್ತು ನಿರ್ವಹಣಾ ಕಾಯ್ದೆ. ಇವುಗಳ ಜೊತೆಗೆ ಗುಂಪು ಸೇರುವುದನ್ನು ತಡೆಯುವ 144ನೇ ಕಲಮು ಬಳಕೆಯಾಯಿತು. ಆದೇಶ ಮೀರಿದವರ ಮೇಲೆ ಭಾರತೀಯ ದಂಡ ಸಂಹಿತೆಯ 188ನೇ ಕಲಮಿನಡಿ ಪ್ರಕರಣ ದಾಖಲಾಗುತ್ತಿತ್ತು. 2024ರ ಜುಲೈ 1ರಿಂದ ದಂಡ ಸಂಹಿತೆಯ ಜಾಗದಲ್ಲಿ ಭಾರತೀಯ ನ್ಯಾಯ ಸಂಹಿತೆ ಬಂದಿದೆ.

1897ರ ಕಾಯ್ದೆ ಹುಟ್ಟಿದ್ದು ಮುಂಬಯಿ ಇಲಾಖೆಯ ಪ್ಲೇಗಿನಿಂದ. 1896ರಲ್ಲಿ ಮುಂಬಯಿಯಲ್ಲಿ ಕಾಣಿಸಿಕೊಂಡ ಪ್ಲೇಗ್ ಮುಂದೆ ಪುಣೆ, ಹುಬ್ಬಳ್ಳಿ, ಧಾರವಾಡಗಳಿಗೂ ಹಬ್ಬಿತು. ಪುಣೆಯಲ್ಲಿ ಮನೆಮನೆ ತಪಾಸಣೆಯ ಹೆಸರಿನಲ್ಲಿ ನಡೆದ ದಬ್ಬಾಳಿಕೆಯಿಂದ ಜನ ಸಿಡಿದೆದ್ದರು. ಪ್ಲೇಗ್ ಅಧಿಕಾರಿ ರ‍್ಯಾಂಡ್ ಮೇಲೆ 1897ರ ಜೂನ್ 22ರಂದು ಚಾಪೇಕರ ಸಹೋದರರು ಗುಂಡು ಹಾರಿಸಿದರು. ಹುಬ್ಬಳ್ಳಿಯಲ್ಲಿ 1898ರಲ್ಲಿ ದೊಡ್ಡ ಪ್ರಮಾಣದಲ್ಲಿ ಪ್ಲೇಗ್ ಚುಚ್ಚುಮದ್ದು ಹಾಕಲಾಯಿತು. ಬಲವಂತ ಮಾಡಬೇಕೇ, ಮನವೊಲಿಸಬೇಕೇ ಎಂಬ ವಾದಕ್ಕೆ ಈ ಭಾಗದಲ್ಲಿ 120 ವರ್ಷಗಳಿಗೂ ಹೆಚ್ಚಿನ ಇತಿಹಾಸವಿದೆ.

ಮೊದಲ ಹಂತ: ವಾದಕ್ಕೆ ಸಮಯವೇ ಇರಲಿಲ್ಲ

2020ರ ಮಾರ್ಚ್ 22ರಂದು ಜನತಾ ಕರ್ಫ್ಯೂ ನಡೆಯಿತು. ಮರುದಿನ ಮಹಾರಾಷ್ಟ್ರ ಸರಕಾರ ರಾಜ್ಯದಲ್ಲಿ ಸಂಚಾರ ನಿರ್ಬಂಧಿಸಿ ಜಿಲ್ಲಾ ಗಡಿಗಳನ್ನು ಮುಚ್ಚಿತು. ಮಾರ್ಚ್ 24ರ ರಾತ್ರಿ 8 ಗಂಟೆಗೆ ಪ್ರಧಾನಿ ನರೇಂದ್ರ ಮೋದಿ 21 ದಿನಗಳ ದೇಶವ್ಯಾಪಿ ಲಾಕ್‌ಡೌನ್ ಘೋಷಿಸಿದರು. ಜಾರಿಗೆ ಬರಲು ಉಳಿದಿದ್ದು ನಾಲ್ಕೇ ತಾಸು. ಮುಂದೆ ಅದು ಮೇ 31ರವರೆಗೆ ಬೆಳೆಯಿತು. ಅಂಬಾಬಾಯಿ ಗುಡಿಯ ಬಾಗಿಲು ಮುಚ್ಚಿತು. ಜೋತಿಬಾ ಗುಡ್ಡದ ಚೈತ್ರ ಜಾತ್ರೆ ಆ ವರ್ಷವೂ ಮುಂದಿನ ವರ್ಷವೂ ನಡೆಯಲಿಲ್ಲ.

ಆಗ ರೋಗದ ಭಯವೇ ದೊಡ್ಡದಿತ್ತು. ವಿರೋಧದ ದನಿ ಕಡಿಮೆ ಇತ್ತು. ಮೇ ತಿಂಗಳಲ್ಲಿ ಮುಂಬಯಿ, ಪುಣೆಗಳಿಂದ ಜನ ಊರಿಗೆ ಮರಳತೊಡಗಿದಾಗ ಚರ್ಚೆಯ ಸ್ವರೂಪ ಬದಲಾಯಿತು. ಗಡಹಿಂಗ್ಲಜ, ಆಜರಾ, ಚಂದಗಡ ತಾಲೂಕುಗಳ ಬಹಳಷ್ಟು ಮನೆಗಳಿಂದ ಒಬ್ಬರಾದರೂ ಮುಂಬಯಿಯಲ್ಲಿ ನೌಕರಿಯಲ್ಲಿದ್ದಾರೆ. ಹಬ್ಬಕ್ಕೆ ಬಂದಾಗ ಎದುರುಗೊಳ್ಳುತ್ತಿದ್ದ ಅದೇ ಮಗನನ್ನು ಈಗ ಊರ ಶಾಲೆಯಲ್ಲಿ ಇರಿಸಿ, ದೂರದಿಂದ ಬುತ್ತಿ ಕೊಡಬೇಕಾಯಿತು. ಊರಿನ ಸಮಿತಿಗಳಲ್ಲಿ ‘ನಮ್ಮವರನ್ನು ಒಳಗೆ ಬಿಡಬೇಕೇ’ ಎಂಬ ಮಾತು ಬಂತು. ಲಾಕ್‌ಡೌನ್ ವಾದ ಮಂತ್ರಾಲಯದಿಂದ ಊರ ಚಾವಡಿಗೆ ಇಳಿದದ್ದು ಆಗಲೇ.

2020ರ ಜುಲೈ: ಒಂದೇ ವಾರ, ಎರಡು ನಿಲುವು

ಜುಲೈ ತಿಂಗಳಲ್ಲಿ ಇಚಲಕರಂಜಿ ಸೇರಿದಂತೆ ಜಿಲ್ಲೆಯಲ್ಲಿ ರೋಗಿಗಳ ಸಂಖ್ಯೆ ಏರಿತು. ಜುಲೈ 20ರಿಂದ 26ರವರೆಗೆ ಕೊಲ್ಹಾಪುರ ಜಿಲ್ಲೆಯಲ್ಲಿ ಕಟ್ಟುನಿಟ್ಟಿನ ಲಾಕ್‌ಡೌನ್ ಜಾರಿಯಾಯಿತು. ಆಗ ಸತೇಜ್ ಪಾಟೀಲರು ಜಿಲ್ಲೆಯ ಪಾಲಕಮಂತ್ರಿಯಾಗಿದ್ದರು. ಕರ್ನಾಟಕದಲ್ಲಿ ಉಸ್ತುವಾರಿ ಸಚಿವರು ಎನ್ನುವ ಸ್ಥಾನವೇ ಇದು. ಅದೇ ವಾರ, ಜುಲೈ 21ರಂದು, ಕರ್ನಾಟಕದ ಮುಖ್ಯಮಂತ್ರಿ ಬಿ.ಎಸ್. ಯಡಿಯೂರಪ್ಪನವರು ಲಾಕ್‌ಡೌನ್ ಪರಿಹಾರವಲ್ಲ, ರಾಜ್ಯದಲ್ಲಿ ಇನ್ನು ಅದು ಇರುವುದಿಲ್ಲ ಎಂದು ಪ್ರಕಟಿಸಿದರು. ಕಾಗಲದಲ್ಲಿ ಅಂಗಡಿ ಮುಚ್ಚಿದ್ದ ವಾರ ನಿಪ್ಪಾಣಿಗೆ ಬೇರೆಯೇ ನಿಯಮ. ಗಡಿಯ ಜನ ಎರಡನ್ನೂ ಕಂಡರು.

ಬೇಕು ಎನ್ನುವವರ ವಾದ ಹೀಗಿತ್ತು. ಜಿಲ್ಲೆಯ ದೊಡ್ಡ ಸರಕಾರಿ ಆಸರೆ ಎಂದರೆ ಕೊಲ್ಹಾಪುರದ ಸಿಪಿಆರ್ ಆಸ್ಪತ್ರೆ. ಇಚಲಕರಂಜಿಗೆ ಐಜಿಎಂ, ಗಡಹಿಂಗ್ಲಜಕ್ಕೆ ಉಪಜಿಲ್ಲಾ ಆಸ್ಪತ್ರೆ ಇವೆ. ರೋಗಿಗಳು ಒಮ್ಮೆಲೇ ಬಂದರೆ ಹಾಸಿಗೆ, ಆಮ್ಲಜನಕ, ದಾದಿಯರು ಸಾಲುವುದಿಲ್ಲ. ಲಾಕ್‌ಡೌನ್‌ನಿಂದ ರೋಗ ಹೋಗದಿದ್ದರೂ ಅದರ ವೇಗ ತಗ್ಗುತ್ತದೆ, ತಯಾರಿಗೆ ಸಮಯ ಸಿಗುತ್ತದೆ.

ಬೇಡ ಎನ್ನುವವರೂ ಲೆಕ್ಕ ಇಟ್ಟೇ ಮಾತನಾಡಿದರು. ಸೋಂಕು ತಗುಲಿದವರಲ್ಲಿ ಲಕ್ಷಣ ಕಾಣಲು 14 ದಿನಗಳವರೆಗೂ ಹಿಡಿಯಬಹುದು. ಹಾಗಿರುವಾಗ ಏಳು ದಿನ ಮುಚ್ಚಿದರೆ ಏನು ಪ್ರಯೋಜನ ಎಂದು ಅವರು ಕೇಳಿದರು. ಬಂದ್ ಘೋಷಣೆಯಾದ ಕೂಡಲೇ ತರಕಾರಿ, ಕಿರಾಣಿಗಾಗಿ ಪೇಟೆಯಲ್ಲಿ ನೂಕುನುಗ್ಗಲಾಗುತ್ತದೆ, ತಪ್ಪಿಸಬೇಕೆಂದ ಗರ್ದಿಯನ್ನು ಆದೇಶವೇ ತರುತ್ತದೆ ಎಂಬ ಆಕ್ಷೇಪವೂ ಇತ್ತು. ರೈತರ ದೂರು ಬೇರೆ ಇತ್ತು. ಹೋಟೆಲು, ಮಿಠಾಯಿ ಅಂಗಡಿ ಮುಚ್ಚಿದ್ದರಿಂದ ಹಾಲಿನ ಬೇಡಿಕೆ ಕುಸಿದಿತ್ತು. ಲೀಟರಿಗೆ 5 ರೂಪಾಯಿ ಅನುದಾನ ಕೇಳಿ ರಾಜು ಶೆಟ್ಟಿಯವರ ಸ್ವಾಭಿಮಾನಿ ಶೇತಕರಿ ಸಂಘಟನೆ ಜುಲೈ 21ರಂದು ಹಾಲು ಪೂರೈಕೆ ತಡೆಯುವ ಚಳವಳಿ ನಡೆಸಿತು.

ಇಚಲಕರಂಜಿ: ಮಗ್ಗ ನಿಂತರೆ ಪಗಾರ ನಿಂತಂತೆ

ಮಹಾರಾಷ್ಟ್ರದ ಮ್ಯಾಂಚೆಸ್ಟರ್ ಎನಿಸಿಕೊಂಡ ಇಚಲಕರಂಜಿಯಲ್ಲಿ ಈ ವಾದ ಹೆಚ್ಚು ಕಾವೇರಿತ್ತು. ಇಲ್ಲಿನ ವಿದ್ಯುತ್ ಮಗ್ಗಗಳ ಕಾರ್ಮಿಕನಿಗೆ ತಿಂಗಳ ಸಂಬಳವಿಲ್ಲ. ನೇಯ್ದ ಮೀಟರಿನ ಲೆಕ್ಕದಲ್ಲಿ ಕೂಲಿ. ಮಗ್ಗದ ಮಾಲೀಕರಲ್ಲೂ ಅನೇಕರು ಸಣ್ಣವರೇ. ವ್ಯಾಪಾರಿಯಿಂದ ನೂಲು ಪಡೆದು, ಬಟ್ಟೆ ನೇಯ್ದು ಕೊಟ್ಟು, ಪಿಕ್ ಲೆಕ್ಕದಲ್ಲಿ ಮಜೂರಿ ಪಡೆಯುವ ಇವರನ್ನು ಊರಲ್ಲಿ ಖರ್ಚೀವಾಲೆ ಎನ್ನುತ್ತಾರೆ. ಮಗ್ಗ ನಿಂತರೂ ಸಾಲದ ಕಂತು, ಶೆಡ್ಡಿನ ಬಾಡಿಗೆ ನಿಲ್ಲುವುದಿಲ್ಲ.

ಉತ್ತರ ಪ್ರದೇಶ, ಬಿಹಾರ, ಒಡಿಶಾ, ರಾಜಸ್ಥಾನಗಳಿಂದ ಬಂದ ಕಾರ್ಮಿಕರಿಗೆ 2020ರ ಬೇಸಿಗೆ ಬಹಳ ಕಠಿಣವಾಯಿತು. ಮೇ ತಿಂಗಳಲ್ಲಿ ಕೊಲ್ಹಾಪುರದಿಂದ ಶ್ರಮಿಕ ವಿಶೇಷ ರೈಲುಗಳು ಹೊರಟವು. ಮುಂದೆ ಮಗ್ಗ ಶುರುವಾದಾಗ ಅನೇಕ ಶೆಡ್ಡುಗಳಲ್ಲಿ ನಡೆಸುವ ಕೈಗಳೇ ಇರಲಿಲ್ಲ.

2021ರ ಏಪ್ರಿಲ್ 14ರ ರಾತ್ರಿ 8ರಿಂದ ‘ಬ್ರೇಕ್ ದ ಚೈನ್’ ಹೆಸರಿನ ನಿರ್ಬಂಧಗಳು ಬಿಗಿಯಾದಾಗ, ಕಾರ್ಮಿಕರನ್ನು ಆವರಣದಲ್ಲೇ ಇರಿಸಿಕೊಳ್ಳುವ ಕಾರಖಾನೆಗಳಿಗೆ ವಿನಾಯಿತಿ ಸಿಕ್ಕಿತು. ದೊಡ್ಡ ಗಿರಣಿಗೆ ಇದು ಸಾಧ್ಯ. ಓಣಿಯೊಳಗಿನ ಎಂಟು ಮಗ್ಗದ ಶೆಡ್ಡಿಗೆ ಅಸಾಧ್ಯ. ಅಲ್ಲಿ ಮಲಗಲು ಜಾಗ ಎಲ್ಲಿಯದು?

ಅದರ ಹಿಂದಿನ ದಿನ ಮುಖ್ಯಮಂತ್ರಿ ಉದ್ಧವ್ ಠಾಕ್ರೆ 5,476 ಕೋಟಿ ರೂಪಾಯಿಗಳ ನೆರವು ಘೋಷಿಸಿದ್ದರು. ನೋಂದಾಯಿತ ಕಟ್ಟಡ ಕಾರ್ಮಿಕರು, ಮನೆಗೆಲಸದವರು, ಬೀದಿ ವ್ಯಾಪಾರಿಗಳು, ಪರವಾನಗಿ ಇದ್ದ ರಿಕ್ಷಾ ಚಾಲಕರಿಗೆ ತಲಾ 1,500 ರೂಪಾಯಿ, ಪಡಿತರದವರಿಗೆ ಒಂದು ತಿಂಗಳು ತಲಾ 3 ಕಿಲೊ ಗೋದಿ ಹಾಗೂ 2 ಕಿಲೊ ಅಕ್ಕಿ ಅದರಲ್ಲಿದ್ದವು. ಮಗ್ಗದ ಕಾರ್ಮಿಕರಿಗೆ ಪ್ರತ್ಯೇಕ ಮೊತ್ತ ಇರಲಿಲ್ಲ. ಜೂನ್‌ನಲ್ಲಿ ಕರ್ನಾಟಕ ಪ್ರಕಟಿಸಿದ ಎರಡನೇ ಪ್ಯಾಕೇಜಿನಲ್ಲಿ ವಿದ್ಯುತ್ ಮಗ್ಗದವರಿಗೆ ತಲಾ 3,000 ರೂಪಾಯಿ ಸೇರಿತ್ತು. ಮೊತ್ತ ದೊಡ್ಡದಲ್ಲ. ಆದರೆ ಪಟ್ಟಿಯಲ್ಲಿ ಹೆಸರು ಇರುವುದಕ್ಕೂ ಇಲ್ಲದಿರುವುದಕ್ಕೂ ವ್ಯತ್ಯಾಸವಿದೆ.

‘ಚುನಾವಣೆಗೆ ಇಲ್ಲದ ಕೊರೊನಾ ಅಂಗಡಿಗೆ ಏಕೆ?’

ಎರಡನೇ ಅಲೆಯಲ್ಲಿ ಸರಕಾರದ ಮೇಲಿನ ನಂಬಿಕೆಗೆ ಪೆಟ್ಟು ಕೊಟ್ಟ ಸಂಗತಿ ಚುನಾವಣೆ. ಬೆಳಗಾವಿ ಲೋಕಸಭಾ ಉಪಚುನಾವಣೆ 2021ರ ಏಪ್ರಿಲ್ 17ರಂದು ನಡೆಯಿತು. ಜಿಲ್ಲೆಯ ಹಾಲು ಸಂಘವಾದ ಗೋಕುಳದ ಚುನಾವಣೆ ಮೇ 2ರಂದು ನಡೆದು ಮೇ 4ರಂದು ಫಲಿತಾಂಶ ಬಂತು. ಮೇ ಮಧ್ಯದಲ್ಲಿ ಜಿಲ್ಲೆಗೆ ಎಂಟು ದಿನಗಳ ಕಠಿಣ ಲಾಕ್‌ಡೌನ್ ಬಂತು. ಮತದಾರರ ಸಂಖ್ಯೆ ಕಡಿಮೆ, ಕೋರ್ಟಿನ ಅನುಮತಿ ಇತ್ತು ಎಂಬ ಸಮರ್ಥನೆ ಗೋಕುಳದ ವಿಷಯದಲ್ಲಿತ್ತು. ಆದರೂ ಬಾಗಿಲು ಎಳೆದು ಕುಳಿತ ಅಂಗಡಿಕಾರನಿಗೆ ಆ ಸಮರ್ಥನೆ ರುಚಿಸಲಿಲ್ಲ.

ಅದೇ ದಿನಗಳಲ್ಲಿ ಸುಪ್ರೀಂ ಕೋರ್ಟ್ ತನ್ನ ಏಪ್ರಿಲ್ 30ರ ಆದೇಶದಲ್ಲಿ ಒಂದು ಸಮತೋಲನದ ಮಾತು ಹೇಳಿತು. ಸರಕಾರಗಳು ಲಾಕ್‌ಡೌನ್ ಬಗ್ಗೆಯೂ ಯೋಚಿಸಬಹುದು, ಆದರೆ ಹೇರುವುದಾದರೆ ದುರ್ಬಲ ವರ್ಗದವರ ಅಗತ್ಯಗಳಿಗೆ ಮೊದಲೇ ವ್ಯವಸ್ಥೆ ಆಗಿರಬೇಕು ಎಂಬುದು ಅದರ ಸಾರ.

ಗಡಹಿಂಗ್ಲಜ ಮತ್ತು ಗಡಿ

ಗಡಹಿಂಗ್ಲಜದವರಿಗೆ ಸಂಕೇಶ್ವರ ಹತ್ತಿರದ ಪೇಟೆ. ದೊಡ್ಡ ಆಸ್ಪತ್ರೆಗೆ ಬೆಳಗಾವಿಗೆ ಹೋಗುವವರೂ ಇದ್ದಾರೆ. ಹಾಗೆಯೇ ನಿಪ್ಪಾಣಿ ಕಡೆಯವರು ಕೊಲ್ಹಾಪುರಕ್ಕೆ ಬರುತ್ತಾರೆ. ಸಂತೆ ನಿಂತಾಗ ಮೆಣಸಿನಕಾಯಿ, ತರಕಾರಿ ತರುವ ಸಣ್ಣ ರೈತ ಸೋತ. ನಾಕೆ ಮುಚ್ಚಿದಾಗ ರೋಗಿ, ಬಾಣಂತಿ, ಆಚೆ ಹೊಲ ಇದ್ದವರು ಸಿಕ್ಕಿಬಿದ್ದರು. 2020ರ ಮೇ 18ರಂದು ಕರ್ನಾಟಕ ಮಹಾರಾಷ್ಟ್ರದಿಂದ ಬರುವವರಿಗೆ ತಿಂಗಳ ಕೊನೆಯವರೆಗೆ ಪ್ರವೇಶ ನಿಲ್ಲಿಸಿತು. 2021ರ ಫೆಬ್ರುವರಿಯಿಂದ ಆರ್‌ಟಿ-ಪಿಸಿಆರ್ ವರದಿ ಕಡ್ಡಾಯವಾಯಿತು. ಕೊಗನೋಳಿ ನಾಕೆಯಲ್ಲಿ ವರದಿ ಇಲ್ಲದವರನ್ನು ತಿರುಗಿ ಕಳಿಸಲಾಗುತ್ತಿತ್ತು.

ಇಂಥದೇ ಕಷ್ಟವನ್ನು ಕಾಸರಗೋಡಿನ ಕನ್ನಡಿಗರೂ ಕಂಡರು. 2020ರ ಮಾರ್ಚ್‌ನಲ್ಲಿ ತಲಪಾಡಿಯ ದಾರಿ ಮುಚ್ಚಿದ್ದರಿಂದ ಮಂಗಳೂರಿನ ಆಸ್ಪತ್ರೆಗಳನ್ನೇ ನಂಬಿದ್ದ ರೋಗಿಗಳು ದಾರಿ ಕಾಣದಾದರು. ವಿಷಯ ಕೇರಳ ಹೈಕೋರ್ಟಿಗೂ ಸುಪ್ರೀಂ ಕೋರ್ಟಿಗೂ ಹೋಯಿತು. ಏಪ್ರಿಲ್‌ನಲ್ಲಿ ತುರ್ತು ರೋಗಿಗಳನ್ನು ಬಿಡಲು ನಿಯಮ ರೂಪುಗೊಂಡಿತು. ಲಾಕ್‌ಡೌನ್ ಬೇಕು ಎನ್ನುವವರೂ ಆಸ್ಪತ್ರೆಯ ದಾರಿ ಮುಚ್ಚಬೇಕು ಎಂದು ವಾದಿಸುವುದು ಕಷ್ಟ.

ಜಿಲ್ಲೆ ಒಂದೋ, ಊರು ಊರು ಬೇರೆಯೋ?

2021ರ ಜೂನ್ 7ರಿಂದ ಮಹಾರಾಷ್ಟ್ರ ಐದು ಹಂತಗಳ ಪದ್ಧತಿ ತಂದಿತು. ತಪಾಸಣೆ ಮಾಡಿದ ನೂರು ಜನರಲ್ಲಿ ಎಷ್ಟು ಮಂದಿಗೆ ಸೋಂಕಿದೆ, ಆಮ್ಲಜನಕದ ಹಾಸಿಗೆಗಳು ಎಷ್ಟು ತುಂಬಿವೆ ಎಂಬ ಎರಡು ಅಂಕಿಗಳ ಮೇಲೆ ಹಂತ ತೀರ್ಮಾನವಾಗುತ್ತಿತ್ತು. ಸೋಂಕು ಶೇಕಡಾ 5ಕ್ಕಿಂತ ಕಡಿಮೆ, ಹಾಸಿಗೆ ಶೇಕಡಾ 25ಕ್ಕಿಂತ ಕಡಿಮೆ ತುಂಬಿದ್ದರೆ ಮೊದಲ ಹಂತ. ಸೋಂಕು 10ರಿಂದ 20ರ ನಡುವೆ ಇದ್ದರೆ ನಾಲ್ಕನೆಯದು. ಕೊಲ್ಹಾಪುರ ನಾಲ್ಕನೇ ಹಂತದಲ್ಲಿತ್ತು. ಅಗತ್ಯ ವಸ್ತುಗಳ ಅಂಗಡಿ ಸಂಜೆ 4ರವರೆಗೆ, ಉಳಿದವು ಬಂದ್.

ರಾಜ್ಯದ ಬೇರೆ ಕಡೆ ಅಲೆ ಇಳಿದರೂ ಇಲ್ಲಿ ಇಳಿಯಲಿಲ್ಲ. ಬಟ್ಟೆ, ಚಿನ್ನ, ಪಾತ್ರೆ ಅಂಗಡಿಯವರು ಬೀದಿಗಿಳಿದರು. ಅವರ ವಾದ ಇಷ್ಟೇ: ನಗರದಲ್ಲಿ ಸೋಂಕು ಇಳಿದಿದೆ, ಇಡೀ ಜಿಲ್ಲೆಯ ಸರಾಸರಿ ನಮ್ಮ ಮೇಲೆ ಏಕೆ? ಆರೋಗ್ಯ ಇಲಾಖೆಯ ಉತ್ತರವೂ ತೂಕದ್ದೇ ಆಗಿತ್ತು. ಹಳ್ಳಿಯ ರೋಗಿ ಬರುವುದು ನಗರದ ಆಸ್ಪತ್ರೆಗೆ, ಹಳ್ಳಿಯ ಗಿರಾಕಿ ಬರುವುದೂ ನಗರದ ಪೇಟೆಗೆ. ಕೊನೆಗೆ ಜುಲೈ ಆರಂಭದಲ್ಲಿ ನಗರದ ಅಂಗಡಿಗಳಿಗೆ ಐದು ದಿನಗಳ ಅನುಮತಿ ಸಿಕ್ಕಿತು. ಉಸಿರಾಡುವಷ್ಟರಲ್ಲಿ ಜುಲೈ 22ರ ಸುಮಾರಿಗೆ ಪಂಚಗಂಗೆಯ ಮಹಾಪೂರ ಬಂತು. ಆಗಸ್ಟ್ 2ರ ಆದೇಶದಲ್ಲೂ ನಿರ್ಬಂಧ ಉಳಿದ 11 ಜಿಲ್ಲೆಗಳಲ್ಲಿ ಕೊಲ್ಹಾಪುರ ಇತ್ತು. ಆಗಸ್ಟ್ 15ರಿಂದ ಸಡಿಲಿಕೆ ಬಂತು. ಗುಡಿಗಳು ಅಕ್ಟೋಬರ್ 7ರಂದು ತೆರೆದವು. 2022ರ ಮಾರ್ಚ್ ಕೊನೆಗೆ ರಾಜ್ಯ ಎಲ್ಲ ನಿರ್ಬಂಧಗಳನ್ನು ಕೈಬಿಟ್ಟಿತು.

ವಾದ ಕಲಿಸಿದ್ದೇನು?

ಜೀವ ದೊಡ್ಡದೋ, ದುಡ್ಡು ದೊಡ್ಡದೋ ಎಂದು ಈ ಚರ್ಚೆಯನ್ನು ಸರಳ ಮಾಡುವುದು ಸುಲಭ. ಮೀಟರಿನ ಲೆಕ್ಕದಲ್ಲಿ ಕೂಲಿ ಪಡೆಯುವವನಿಗೆ ಆ ಎರಡೂ ಒಂದೇ. ಕೊಲ್ಹಾಪುರ ಜಿಲ್ಲೆಯಲ್ಲಿ ಬಹುಪಾಲು ಜನ ರೋಗವನ್ನು ಅಲ್ಲಗಳೆಯಲಿಲ್ಲ. ಅವರು ಕೇಳಿದ ಪ್ರಶ್ನೆಗಳು ಬೇರೆ. ಎಷ್ಟು ದಿನ ಮುಂಚೆ ತಿಳಿಸುತ್ತೀರಿ? ಯಾವ ಅಂಕಿಗೆ ಮುಚ್ಚಿ ಯಾವ ಅಂಕಿಗೆ ತೆರೆಯುತ್ತೀರಿ? ಮುಚ್ಚಿದ ದಿನಗಳ ಕೂಲಿ ಯಾರು ಕೊಡುತ್ತಾರೆ? ಗಡಿಯಾಚೆಯ ಆಸ್ಪತ್ರೆಗೆ ದಾರಿ ತೆರೆದಿರುತ್ತದೆಯೇ? ಎಲ್ಲರಿಗೂ ಒಂದೇ ನಿಯಮವೇ?

ಇನ್ನೊಂದು ಸಾಂಕ್ರಾಮಿಕ ರೋಗ ಬಂದರೆ ಜಿಲ್ಲಾಧಿಕಾರಿ ಕಚೇರಿಯಿಂದ ಮತ್ತೆ ಆದೇಶ ಬರಬಹುದು. ಆ ಆದೇಶದಲ್ಲಿ ಈ ಐದು ಪ್ರಶ್ನೆಗಳಿಗೆ ಉತ್ತರ ಇದ್ದರೆ ಬೇಕೇ ಬೇಡವೇ ಎಂಬ ಜಗಳ ಅರ್ಧ ತೀರಿದಂತೆ.