ರಾಗಿ ಹೊಲದಿಂದ ದಂಡಿಗೆ

ಎರಡನೆಯ ಮಹಾಯುದ್ಧದ ಕಾಲಕ್ಕೆ ಪೀಣ್ಯ, ಜಾಲಹಳ್ಳಿ, ಕೋನಪ್ಪನ ಅಗ್ರಹಾರಗಳ ಸುತ್ತ ಇದ್ದದ್ದು ರಾಗಿ, ಅವರೆ, ಹುರುಳಿಯ ಹೊಲಗಳು. ಮಳೆಯನ್ನೇ ನಂಬಿದ ಬೇಸಾಯ. ಮನೆಯಲ್ಲಿ ಒಬ್ಬ ಮಗ ನೇಗಿಲು ಹಿಡಿದರೆ ಇನ್ನೊಬ್ಬನಿಗೆ ಬೆಂಗಳೂರಿನ ದಂಡು ಅನ್ನದ ದಾರಿಯಾಗುತ್ತಿತ್ತು. ಹೀಗೆ 'ಮಿಲಿಟ್ರಿಗೆ' ಹೊರಟವರಿಗೆ ಮೈಸೂರು ಮಹಾರಾಜರ ಪಡೆಗಳಿದ್ದವು. ಜೊತೆಗೆ ಹಲಸೂರು ಕೆರೆಯ ಬಳಿ, ಸೇನೆಗೆ ದಾರಿ, ಸೇತುವೆ ಕಟ್ಟುವ ಮದ್ರಾಸ್ ಸ್ಯಾಪರ್ಸ್ ಪಡೆಯ ಕೇಂದ್ರವೂ ಇತ್ತು.

ಸಿಂಗಪುರದ ವಿಮಾನ ನೆಲೆಗಳ ಕಾವಲಿಗೆ ಹೋಗಿದ್ದ ಮೈಸೂರು ಪದಾತಿ ದಳ 1942ರ ಫೆಬ್ರವರಿ 15ರಂದು ಅಲ್ಲಿನ ಇಡೀ ಸೇನೆಯ ಜೊತೆ ಜಪಾನಿಯರ ಸೆರೆಯಾಯಿತು. ಅದೇ ವರ್ಷ ಬರ್ಮಾ ಬಿದ್ದು, ಅಲ್ಲಿಂದ ಬರುತ್ತಿದ್ದ ಅಕ್ಕಿಯೂ ಸೀಮೆಎಣ್ಣೆಯೂ ನಿಂತವು. ಹಳ್ಳಿಮನೆಯ ಹಣತೆಗೆ ಮತ್ತೆ ಹೊಂಗೆ ಎಣ್ಣೆಯೇ ಗತಿ. ಪೇಟೆಗೆ ರೇಷನ್ ಚೀಟಿ ಬಂದರೆ ರೈತನಿಗೆ ಲೆವಿ ಬಂತು. ಕಣದಲ್ಲಿ ಗುಂಡು ಉರುಳಿಸಿ, ರಾಗಿ ತೂರಿ ರಾಶಿ ಮಾಡುವಷ್ಟರಲ್ಲಿ ಪಟೇಲ, ಶ್ಯಾನುಭೋಗರು ಸರ್ಕಾರದ ಪಾಲು ಅಳೆಸಲು ಬಂದು ನಿಲ್ಲುತ್ತಿದ್ದರು. ನೆಲದಡಿಯ ಕಣಜವಾದ ಹಗೇವಿಗೆ ಇಳಿದ ಉಳಿಕೆಯಲ್ಲೇ ವರ್ಷವಿಡೀ ಮುದ್ದೆ ಬೇಯಬೇಕು. ಮಗ ಕಳಿಸುವ ಮನಿಯಾರ್ಡರು ತಂದ ಅಂಚೆಯವನಿಂದಲೇ ಕಾಗದವನ್ನೂ ಓದಿಸಿಕೊಳ್ಳುತ್ತಿದ್ದ ಮನೆಗಳು ಎಷ್ಟೋ. ದಳಗಳ ಕದನಗಳು ಪುಸ್ತಕ ಸೇರಿವೆ. ಈ ಹಗೇವಿನ ಲೆಕ್ಕಕ್ಕೂ ಯುದ್ಧದ ಚರಿತ್ರೆಯಲ್ಲಿ ಅಷ್ಟೇ ಹಕ್ಕಿದೆ.

ಯುದ್ಧ ಹೊಲದ ಬದುವಿಗೂ ಬಂದಿತ್ತು. ಜಾಲಹಳ್ಳಿಯಲ್ಲಿ ಸೈನಿಕ ಆಸ್ಪತ್ರೆಗಳೆದ್ದವು; ಉತ್ತರ ಆಫ್ರಿಕಾದಲ್ಲಿ ಸೆರೆಸಿಕ್ಕ ಇಟಲಿಯ ಸೈನಿಕರನ್ನು ಬೆಂಗಳೂರಿನ ಶಿಬಿರಗಳಲ್ಲಿ ಇರಿಸಲಾಯಿತು. ವೈಟ್‌ಫೀಲ್ಡ್ ದಾರಿಯಲ್ಲಿ, 1940ರಲ್ಲಿ ಶುರುವಾದ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆಯಲ್ಲಿ ಅಮೆರಿಕದ ಯುದ್ಧವಿಮಾನಗಳು ದುರಸ್ತಿಯಾಗುತ್ತಿದ್ದವು.

1945ರಲ್ಲಿ ಯುದ್ಧ ಮುಗಿದಾಗ ಬಹಳ ಮಂದಿ ಬಿಡುಗಡೆಯಾಗಿ ಊರಿಗೆ ಮರಳಿದರು. ಸೇನೆಯಲ್ಲೇ ಉಳಿದವರಿಗೆ ಮುಂದಿನ ಪರೀಕ್ಷೆ ಪಾಕಿಸ್ತಾನದೊಡನೆ ನಡೆದ ಕಾಶ್ಮೀರ ಯುದ್ಧದಲ್ಲಿ ಕಾದಿತ್ತು. 1948ರ ಶರತ್ಕಾಲದಲ್ಲಿ ಮದ್ರಾಸ್ ಸ್ಯಾಪರ್ಸ್ ತುಕಡಿಗಳು ಬಾಲ್ತಾಲ್‌ನಿಂದ ಜೋಜಿಲಾಕ್ಕೆ ಏರುವ ಹೇಸರಗತ್ತೆಯ ಜಾಡನ್ನು ಅಗಲ ಮಾಡಿದವು. ಸುಮಾರು 11,500 ಅಡಿ ಎತ್ತರದ ಆ ಕಣಿವೆಗೆ ನವೆಂಬರ್ 1ರಂದು ಸ್ಟುವರ್ಟ್ ಟ್ಯಾಂಕುಗಳು ಹತ್ತಿ ನಿಂತವು. ಬಂಡೆ ಸಿಡಿಸುವುದು ದಂಡು ಕಲಿಸಿದ ವಿದ್ಯೆ. ಹಾರೆ, ಪಿಕಾಸಿ ಹಿಡಿಯುವುದು ಹೊಲವೇ ಕಲಿಸಿದ್ದು. ಸ್ವಾತಂತ್ರ್ಯದ ನಂತರ ಮಹಾರಾಜರ ಪಡೆಗಳೂ ಭಾರತದ ಸೇನೆಯಲ್ಲಿ ಸೇರಿಹೋದವು: ಕುದುರೆ ಪಡೆ ಮೈಸೂರು ಲ್ಯಾನ್ಸರ್ಸ್ 61ನೇ ಕ್ಯಾವಲ್ರಿಗೆ, ಪದಾತಿ ದಳ ಮದ್ರಾಸ್ ರೆಜಿಮೆಂಟಿಗೆ.

ಊರಿಗೆ ಬಂದವರ ಎದುರಲ್ಲೇ ಊರು ಬದಲಾಗತೊಡಗಿತು. ವಿಮಾನ ಕಾರ್ಖಾನೆ ರೈಲು ಡಬ್ಬಿ ಕಟ್ಟಲು ತೊಡಗಿತು. 1948ರಲ್ಲಿ ಕೆ.ಆರ್.ಪುರದ ಬಳಿ ದೂರವಾಣಿ ಕಾರ್ಖಾನೆ ಐಟಿಐ ಬಂತು. 1949ರಲ್ಲಿ ಜಾಲಹಳ್ಳಿಯಲ್ಲಿ ವಾಯುಪಡೆಯ ತಾಂತ್ರಿಕ ಕಾಲೇಜು ತೆರೆಯಿತು. ಅಲ್ಲೇ 1953ರಲ್ಲಿ ಎಚ್‌ಎಂಟಿ, 1954ರಲ್ಲಿ ಬಿಇಎಲ್ ಹುಟ್ಟಿದವು. 1970ರ ದಶಕದಲ್ಲಿ ಪೀಣ್ಯದ ಹೊಲಗಳೂ ಕಾರ್ಖಾನೆಗಳಾದವು.